ಸ್ತುಪಿನೀಜಿ: ಬೇಟೆಯ ಅರಮನೆ ನೋಡಲು ಹೋಗಿ ಆನೆಯ ಕತೆ ಹೊತ್ತು ಬಂದೆ

ಹಾಸನದ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಇಟಲಿಯ ಟೂರಿನ್‌ನಲ್ಲಿ ಎಂಎಸ್ ಓದುತ್ತಿದ್ದೇನೆ, ಎರಡನೇ ವರ್ಷ. ಕಳೆದ ಭಾನುವಾರ ಊರಿಂದ ಸುಮಾರು 10 ಕಿ.ಮೀ. ದೂರದ ಸ್ತುಪಿನೀಜಿಗೆ ಹೋಗಿದ್ದೆ. ಸವೋಯ ಮನೆತನದ ರಾಜರು ಬೇಟೆಗೆ ಬಂದಾಗ ಇಳಿದುಕೊಳ್ಳಲು ಕಟ್ಟಿಸಿದ ಅರಮನೆ ಅದು. ಈಗ ಮ್ಯೂಸಿಯಂ. ಬಂದ ದಿನದಿಂದ ಅದು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಾರಿ. ನಗರದಿಂದ ಅರಮನೆಗೆ ಒಂದು ನೇರ ರಸ್ತೆ ಇದೆ. ಕೊನೆಯಲ್ಲಿ ಎರಡೂ ಕಡೆ ಹಳೆಯ ತೋಟದ ಮನೆಗಳು, ದನದ ಕೊಟ್ಟಿಗೆಗಳು. ಬಸ್ಸಿನ ಮುಂದಿನ ಗಾಜಿನಿಂದ ನೋಡಿದರೆ ದೂರದಲ್ಲಿ ಒಂದು ಗುಮ್ಮಟ, ಗುಮ್ಮಟದ ತುದಿಯಲ್ಲಿ ಕೊಂಬು ಎತ್ತಿ ನಿಂತ ಒಂದು ಗಂಡು ಜಿಂಕೆ. ಹತ್ತಿರ ಹತ್ತಿರ ಹೋದಂತೆ ಅದು ದೊಡ್ಡದಾಗುತ್ತಾ ಹೋಗುತ್ತದೆ. ಕಂಚಿನ ಆ ಜಿಂಕೆಯನ್ನು ಮಾಡಿದವನು ಫ್ರಾಂಚೆಸ್ಕೊ ಲಾದಾತ್ತೆ, 1766ರಲ್ಲಿ. ಈಗ ಮೇಲಿರುವುದು ನಕಲು. ಅಸಲಿ ಜಿಂಕೆಯನ್ನು ಮಳೆ ಬಿಸಿಲಿಂದ ಕಾಪಾಡಲು ಒಳಗೆ ಇಟ್ಟಿದ್ದಾರೆ. ಅಷ್ಟು ಎತ್ತರದಲ್ಲಿ ಇದ್ದದ್ದನ್ನು ಎದುರಿಗೇ ನಿಂತು ನೋಡುವಾಗ ಅದರ ಗಾತ್ರ ನೋಡಿ ಬೆರಗಾದೆ.

ಕೆಲಸ ಶುರುವಾದದ್ದು 1729ರಲ್ಲಿ, ವಿತ್ತೋರಿಯೊ ಅಮೆದೆಯೊ 2 ಎಂಬ ರಾಜನ ಕಾಲದಲ್ಲಿ. ಅವನು ಮರುವರ್ಷವೇ ಪಟ್ಟ ಬಿಟ್ಟುಕೊಟ್ಟ. ಮಗ ಕಾರ್ಲೊ ಎಮಾನುಯೆಲೆ 3 ಮುಂದುವರಿಸಿದ. 1731ರ ನವೆಂಬರ್ 3, ಬೇಟೆಗಾರರ ಸಂತ ಹ್ಯೂಬರ್ಟ್ ಹಬ್ಬದ ದಿನ, ಇಲ್ಲಿಂದ ಮೊದಲ ಬೇಟೆ ಹೊರಟಿತು. ಆಗಿನ್ನೂ ಗಾರೆ ಕೆಲಸವೂ ಪೂರ್ತಿ ಮುಗಿದಿರಲಿಲ್ಲ.

ಒಳಗೆ ಮಧ್ಯದಲ್ಲಿ ಮೊಟ್ಟೆಯಾಕಾರದ ಒಂದು ದೊಡ್ಡ ಹಜಾರ. ಚಾವಣಿಯಲ್ಲಿ ಬೇಟೆಯ ದೇವತೆ ಡಯಾನಾಳ ಚಿತ್ರ, ವಲೇರಿಯಾನಿ ಸಹೋದರರು ಬರೆದದ್ದು. ಗೋಡೆಯ ಮೇಲೆ ಮರದಲ್ಲಿ ಕೆತ್ತಿ ಬಂಗಾರದ ಬಣ್ಣ ಕೊಟ್ಟ ಜಿಂಕೆ ತಲೆಗಳು. ಎಲ್ಲರೂ ತಲೆ ಎತ್ತಿ ಫೋಟೊ ತೆಗೆಯುತ್ತಿದ್ದರು. ನಾನೂ ತೆಗೆದೆ. ಆಮೇಲೆ ಕಿಟಕಿ ಕಡೆ ತಿರುಗಿದೆ. ಆಗ ಅರ್ಥವಾಯಿತು, ಈ ಹಜಾರಕ್ಕೆ ನಾಲ್ಕೂ ದಿಕ್ಕಿಗೆ ಬಾಗಿಲು ಕಿಟಕಿ ಯಾಕೆ ಇಟ್ಟಿದ್ದಾರೆ ಅಂತ. ಒಂದು ಕಡೆ ನಗರಕ್ಕೆ ಹೋಗುವ ರಸ್ತೆ, ಇನ್ನೊಂದು ಕಡೆ ಉದ್ಯಾನ, ಅದರಾಚೆ ಬೇಟೆಯ ಕಾಡು. ರಾಜ ಇಲ್ಲಿ ನಿಂತರೆ ತನ್ನ ರಾಜಧಾನಿ ಬೆನ್ನ ಹಿಂದೆ, ಕಾಡು ಕಣ್ಣ ಮುಂದೆ. ಇಡೀ ಕಟ್ಟಡವೇ ಬೇಟೆಗೆ ಹೊರಡುವ ದಾರಿಯ ನಕ್ಷೆ ಇದ್ದ ಹಾಗೆ ಇದೆ.

ಕೊನೆಯಲ್ಲಿ, ನಾವು ಹೊರಡುವ ಹೊತ್ತಿಗೆ, ಗೈಡ್ ಒಂದು ಮಾತು ಹೇಳಿದರು. ನಾನು ಭಾರತದವನು ಅಂತ ಗೊತ್ತಾದ ಮೇಲೆ ಹೇಳಿದ್ದು. ಇಲ್ಲಿ ಒಂದು ಭಾರತದ ಆನೆ ಇತ್ತಂತೆ. ಹೆಸರು ಫ್ರಿಟ್ಸ್. 1827ರಲ್ಲಿ ಈಜಿಪ್ಟ್ ಆಳುತ್ತಿದ್ದ ಮಹಮ್ಮದ್ ಅಲಿ ಪಾಷಾ ಇಲ್ಲಿನ ರಾಜ ಕಾರ್ಲೊ ಫೆಲಿಚೆಗೆ ಉಡುಗೊರೆ ಕಳಿಸಿದ್ದು. ಹಡಗಿನಲ್ಲಿ ಜಿನೋವಾಕ್ಕೆ ಬಂದು, ಅಲ್ಲಿಂದ ನಡೆದುಕೊಂಡು ಬಂತಂತೆ. ಇಪ್ಪತ್ತೈದು ವರ್ಷ ಇಲ್ಲೇ ಬಾಳಿತು. ನೋಡಲು ಜನ ಸೇರುತ್ತಿದ್ದರು. ಆಮೇಲೆ ಸಿಟ್ಟಿನ ಆನೆಯಾಯಿತು, ಕಾಯುವವನೊಬ್ಬನನ್ನು ಕೊಂದಿತು. 1852ರಲ್ಲಿ ಅದನ್ನು ಕೊಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಚಾವಣಿಯ ಚಿತ್ರ ನೆನಪಾಗಲಿಲ್ಲ. ಆ ನೇರ ರಸ್ತೆಯೇ ಕಣ್ಣಲ್ಲಿ ಇತ್ತು. ಅದೇ ರಸ್ತೆಯಲ್ಲಿ ಒಂದು ಆನೆ ನಡೆದು ಬಂದಿರಬಹುದು ಅಲ್ವಾ? ನಮ್ಮೂರ ಕಡೆ, ಸಕಲೇಶಪುರ ಆಲೂರಿನ ಕಾಫಿ ತೋಟಗಳಲ್ಲಿ ಆನೆ ಬರುವುದನ್ನು ನೋಡುತ್ತಾ ಬೆಳೆದವನು ನಾನು. ಅದಕ್ಕೇ ಇರಬೇಕು, ಮನಸ್ಸಿಗೆ ಜಾಸ್ತಿ ತಟ್ಟಿತು. ಇಲ್ಲಿ ಯಾರಾದರೂ ಹೋಗಿದ್ದೀರಾ? ಆನೆ ಬಗ್ಗೆ ತಿಳಿದವರು ಇದ್ದರೆ ಹೇಳಿ, ಇಪ್ಪತ್ತೈದು ವರ್ಷ ಸುಮ್ನೆ ಇದ್ದ ಆನೆ ಯಾಕೆ ಹಾಗಾಗುತ್ತದೆ?

ಬೆಂಗಳೂರು ಅಮ್ಮ:

ತುಂಬಾ ಚೆನ್ನಾಗಿ ಬರೆದಿದ್ದೀರಿ ಮಗಾ. ಮುಂದಿನ ವಸಂತದಲ್ಲಿ ಮಗಳ ಮನೆಗೆ ಮಿಲಾನ್‌ಗೆ ಬರುತ್ತಿದ್ದೇವೆ. ನಮ್ಮ ಯಜಮಾನರಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲಾಗುವುದಿಲ್ಲ. ನೋಡಬಹುದಾ? ಹೋಗುವುದು ಹೇಗೆ?

ಹಾಸನದ ಹುಡುಗ:

ಖಂಡಿತ ನೋಡಬಹುದು ಆಂಟಿ. ನಾವು ನೋಡಿದ ಕೋಣೆಗಳೆಲ್ಲ ನೆಲದ ಮಟ್ಟದಲ್ಲೇ ಇದ್ದವು, ಒಂದರಿಂದ ಒಂದಕ್ಕೆ ಹೋಗುತ್ತಾ ಇರಬಹುದು. ಆದರೆ ನಡೆಯುವುದು ಇದೆ. ಪೂರ್ತಿ ಅರಮನೆಯಲ್ಲಿ 137 ಕೋಣೆ, 17 ಓಣಿಯಂಥ ಹಜಾರಗಳಿವೆ. ಎಲ್ಲವನ್ನೂ ತೋರಿಸುವುದಿಲ್ಲ, ತೋರಿಸುವಷ್ಟಕ್ಕೇ ಎರಡು ಗಂಟೆ ಬೇಕು. ನಗರದಿಂದ 4ನೇ ನಂಬರಿನ ಟ್ರಾಮ್ ಹಿಡಿದು ಕಾಯೊ ಮಾರಿಯೊದಲ್ಲಿ ಇಳಿದು, 41ನೇ ಬಸ್ ಹತ್ತಿ. ಸೋಮವಾರ ರಜ. ನಾನು ಮೊದಲ ಸಲ ಸೋಮವಾರ ಹೋಗಿ ಗೇಟು ನೋಡಿಕೊಂಡು ವಾಪಸ್ ಬಂದಿದ್ದೆ, ನೀವು ಹಾಗೆ ಮಾಡಬೇಡಿ. ಟೂರಿನ್‌ನಲ್ಲಿ ಎರಡು ಮೂರು ದಿನ ಇರುವುದಾದರೆ ಪ್ರವಾಸಿಗರಿಗೆ ಕೊಡುವ ಟೊರೀನೊ ಪಿಯೆಮೊಂತೆ ಕಾರ್ಡ್ ತಗೊಳ್ಳಿ. ಅದರಲ್ಲಿ ಇದೂ ಸೇರುತ್ತದೆ, ಈಜಿಪ್ಟ್ ಮ್ಯೂಸಿಯಂ ಕೂಡ ಸೇರುತ್ತದೆ.

ಗೆರೆ ಗೋಡೆ:

ನಾನು ಆರ್ಕಿಟೆಕ್ಟ್, ಈಗ ಧಾರವಾಡದಲ್ಲಿದ್ದೇನೆ. ಓದುವಾಗ ಟೂರಿನ್‌ಗೆ ಹೋಗಿದ್ದೆ. ಹುಡುಗ ಕಿಟಕಿ ಬಗ್ಗೆ ಬರೆದದ್ದು ಓದಿ ಖುಷಿಯಾಯಿತು. ಅದನ್ನು ಕಟ್ಟಿದ ಫಿಲಿಪ್ಪೊ ಯುವಾರಾ ಮೊದಲು ರೋಮ್‌ನಲ್ಲಿ ನಾಟಕದ ರಂಗ ವಿನ್ಯಾಸ ಮಾಡುತ್ತಿದ್ದವನು. ಸಿಸಿಲಿಯ ಮೆಸ್ಸೀನಾದವನು, ಅಕ್ಕಸಾಲಿಗರ ಮನೆಯ ಹುಡುಗ. ರಂಗದ ಕೆಲಸ ಮಾಡಿದವನಿಗೆ ನೋಡುವವನ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಿರುತ್ತದೆ. ಸ್ತುಪಿನೀಜಿಯಲ್ಲಿ ಮಧ್ಯದ ಹಜಾರದಿಂದ ನಾಲ್ಕು ತೋಳುಗಳು ಇಂಗ್ಲಿಷಿನ ಎಕ್ಸ್ ಅಕ್ಷರದ ಹಾಗೆ ಹೊರಡುತ್ತವೆ. ಕೋನಗಳಲ್ಲಿ ಅಂಗಳ ಸೇರಿಕೊಂಡು, ಮುಂದೆ ಕುದುರೆ ಲಾಯ, ನಾಯಿಗಳ ಮನೆ, ಆಳುಗಳ ಮನೆಗಳಾಗಿ ಹರಡುತ್ತದೆ. ಅತಿಥಿ ಗಾಡಿಯಲ್ಲಿ ಬರುತ್ತಾ ಬರುತ್ತಾ ಕಟ್ಟಡದ ತೋಳುಗಳು ಎರಡೂ ಕಡೆಯಿಂದ ಅವನನ್ನು ಒಳಗೆ ಕರೆದುಕೊಳ್ಳುತ್ತವೆ. ಗೋಡೆಯ ಮೇಲೆ ಇರುವ ಕಂಬ, ಕಮಾನುಗಳಲ್ಲಿ ಎಷ್ಟೋ ಬರೀ ಚಿತ್ರ. ನಿಜವಾದ ಕಂಬ ಎಲ್ಲಿ ಮುಗಿಯಿತು, ಬರೆದ ಕಂಬ ಎಲ್ಲಿ ಶುರುವಾಯಿತು ಅಂತ ಹತ್ತಿರ ಹೋಗಿ ನೋಡಬೇಕು. ನಮ್ಮ ಕಡೆ ಕಂಪನಿ ನಾಟಕದ ಪರದೆಯ ಮೇಲೆ ಬರೆದ ಅರಮನೆ ಕಂಬಗಳನ್ನು ನೋಡಿದವರಿಗೆ ಈ ಕೈಚಳಕ ಕೂಡಲೇ ಗುರುತು ಸಿಗುತ್ತದೆ.

ಯುವಾರಾ 1735ರಲ್ಲಿ ಸ್ಪೇನ್ ದೊರೆ ಕರೆದ ಅಂತ ಮ್ಯಾಡ್ರಿಡ್‌ಗೆ ಹೋದ. ಮರುವರ್ಷ ಅಲ್ಲೇ ತೀರಿಕೊಂಡ. ಆಮೇಲೆ ಬೆನೆದೆತ್ತೊ ಅಲ್ಫಿಯೇರಿ ಮತ್ತು ಬೇರೆಯವರು ಕಟ್ಟಡವನ್ನು ಬೆಳೆಸಿದರು. ರಾಜಮನೆತನದ ಕುಟುಂಬ ದೊಡ್ಡದಾದ ಹಾಗೆ ಕೋಣೆಗಳೂ ಹೆಚ್ಚಿದವು. ಸಣ್ಣದಾಗಿ ಇರಲಿ ಅಂತ ಶುರುವಾದ ಬೇಟೆ ಮನೆ 31,000 ಚದರ ಮೀಟರಿನಷ್ಟು ಹರಡಿಕೊಂಡಿತು. ನನ್ನ ಅಭಿಪ್ರಾಯ ಕೇಳಿದರೆ, ಯುವಾರಾನ ಮಧ್ಯದ ಭಾಗವೇ ಜೀವ. ಉಳಿದದ್ದು ಅದರ ನೆರಳು.

ಮಲೆನಾಡಿಗ:

ಬರಹ ಚೆನ್ನಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಆದರೆ ಒಂದು ಮಾತು ಕೇಳಲೇಬೇಕು. ಬೇಟೆ ಅಂದರೆ ಕೊಲ್ಲುವುದು. ಹೊಟ್ಟೆಪಾಡಿಗೂ ಅಲ್ಲ, ಬರೀ ಮೋಜಿಗೆ. ಅದಕ್ಕಾಗಿ ಕಟ್ಟಿದ ಮನೆಯನ್ನು ನಾವು ಟಿಕೆಟ್ ತಗೊಂಡು ನೋಡಿ, ಆಹಾ ಅನ್ನುವುದು ಸರಿಯಾ? ಆ ಕೊಂಬು ಎತ್ತಿದ ಜಿಂಕೆಯನ್ನೇ ಓಡಿಸಿ ಓಡಿಸಿ ಕೊಂದರಲ್ಲ.

ಹಾಸನದ ಹುಡುಗ:

ಮಲೆನಾಡಿಗ ಸರ್, ಸರಿಯಾಗೇ ಕೇಳಿದ್ದೀರಿ. ಒಳಗೆ ಒಂದು ಕೋಣೆಯಲ್ಲಿ ವಿತ್ತೋರಿಯೊ ಅಮೆದೆಯೊ ಚಿಞಾರೋಲಿ ಎಂಬ ಕಲಾವಿದ ಬರೆದ ಬೇಟೆಯ ಚಿತ್ರಗಳು ಸಾಲಾಗಿ ಇವೆ. ಅಲ್ಲಿ ನಾನು ಬಹಳ ಹೊತ್ತು ನಿಂತೆ. ಬೆಳಿಗ್ಗೆ ಮುಂಚೆ ಆಳುಗಳು ಮೂಸಿ ನೋಡುವ ನಾಯಿ ಕಟ್ಟಿಕೊಂಡು ಹೋಗಿ ಗಂಡು ಜಿಂಕೆ ಎಲ್ಲಿ ಮಲಗಿದೆ ಅಂತ ಹುಡುಕುತ್ತಿದ್ದರು. ಹೆಜ್ಜೆ, ಹಿಕ್ಕೆ ನೋಡಿ ವಯಸ್ಸು ಹೇಳುತ್ತಿದ್ದರು. ಆಮೇಲೆ ರಾಜನ ಸವಾರಿ. ನಾಯಿಗಳ ಹಿಂಡನ್ನು ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ, ಒಂದು ಹಿಂಡು ಸುಸ್ತಾದರೆ ಇನ್ನೊಂದನ್ನು ಬಿಡುತ್ತಿದ್ದರು. ಜಿಂಕೆಗೆ ಮಾತ್ರ ಬದಲಿ ಇಲ್ಲ. ಗಂಟೆಗಟ್ಟಲೆ ಓಡಿ, ಕೊನೆಗೆ ಎಷ್ಟೋ ಸಲ ನೀರಿಗೆ ಇಳಿದು ನಿಲ್ಲುತ್ತಿತ್ತು. ಅಲ್ಲಿ ಮುಗಿಸುತ್ತಿದ್ದರು. ಯಾವ ಹಂತ ನಡೆಯುತ್ತಿದೆ ಅಂತ ಕಾಡಿಗೆಲ್ಲ ಗೊತ್ತಾಗಲು ಬೇರೆ ಬೇರೆ ರಾಗದಲ್ಲಿ ಕೊಂಬು ಊದುತ್ತಿದ್ದರು.

ಜಿಂಕೆ ಅಂದರೆ ನಮಗೆ ಚುಕ್ಕೆ ಜಿಂಕೆ ನೆನಪಾಗುತ್ತದೆ. ಇದು ಅದಕ್ಕಿಂತ ಬಹಳ ದೊಡ್ಡದು, ನಮ್ಮ ಕಡವೆಗೆ ಹತ್ತಿರದ್ದು. ಚಿತ್ರದಲ್ಲಿ ಅದರ ಕಣ್ಣನ್ನು ನೋಡಿದೆ. ನನಗೆ ಆಹಾ ಅನ್ನಿಸಲಿಲ್ಲ ಸರ್. ಅದನ್ನು ಮುಚ್ಚಿಡದೆ ಗೋಡೆ ತುಂಬ ತೋರಿಸಿದ್ದಾರಲ್ಲ, ಅದು ನನಗೆ ಮುಖ್ಯ ಅನ್ನಿಸಿತು. ಮನೆಯನ್ನು ಕೆಡವಿದ್ದರೆ ಆ ಜಿಂಕೆಯ ಕತೆಯೂ ಹೋಗಿಬಿಡುತ್ತಿತ್ತು.

ಮಿಲಾನ್ ಕನ್ನಡತಿ:

ಇಬ್ಬರ ಮಾತಿಗೂ ಒಂದು ಸೇರಿಸುತ್ತೇನೆ. ಇದೇ ಸವೋಯ ಮನೆತನದ ವಿತ್ತೋರಿಯೊ ಎಮಾನುಯೆಲೆ 2 ಎಂಬ ರಾಜ 1856ರಲ್ಲಿ ಗ್ರಾನ್ ಪರದೀಸೊ ಬೆಟ್ಟಗಳನ್ನು ತನ್ನ ಬೇಟೆಗೆ ಅಂತ ಮೀಸಲು ಮಾಡಿಕೊಂಡ. ಆಲ್ಪ್ಸ್‌ನ ದೊಡ್ಡ ಕೊಂಬಿನ ಕಾಡು ಮೇಕೆ, ಇಲ್ಲಿನವರು ಸ್ತಂಬೆಕ್ಕೊ ಅನ್ನುತ್ತಾರೆ, ಬೇರೆ ಎಲ್ಲ ಕಡೆ ಮುಗಿದೇ ಹೋಗಿತ್ತು. ರಾಜನ ಕಾವಲುಗಾರರು ಬೇರೆಯವರನ್ನು ಒಳಗೆ ಬಿಡದೆ ಇದ್ದದ್ದರಿಂದ ಅಲ್ಲಿ ಮಾತ್ರ ಉಳಿಯಿತು. ಮುಂದೆ ಮೊಮ್ಮಗ ಆ ಜಾಗವನ್ನು ಸರ್ಕಾರಕ್ಕೆ ಕೊಟ್ಟ. 1922ರಲ್ಲಿ ಅದು ಇಟಲಿಯ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಈಗ ಆಲ್ಪ್ಸ್‌ನಲ್ಲಿ ಎಲ್ಲೇ ಆ ಮೇಕೆ ಕಂಡರೂ ಅದರ ಮೂಲ ಅಲ್ಲಿಯದು. ಹೋದ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಕಲ್ಲಿನ ಮೇಲೆ ಕೂತು ಮೆಲುಕು ಹಾಕುತ್ತಿದ್ದ ಒಂದನ್ನು ಇಪ್ಪತ್ತು ಹೆಜ್ಜೆ ದೂರದಿಂದ ನೋಡಿದೆವು.

ನಮ್ಮ ಬಂಡೀಪುರ, ನಾಗರಹೊಳೆಯ ಕತೆಯೂ ಇದೇ ಅಲ್ವಾ? ಮೈಸೂರು ಮಹಾರಾಜರ ಬೇಟೆಯ ಕಾಡುಗಳು ಅವು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಕಾಡುಗಳಲ್ಲಿ ಒಂದು.

ಮಲೆನಾಡಿಗ:

ಒಪ್ಪುತ್ತೇನೆ ಅಕ್ಕ, ಅರ್ಧ. ರಾಜನ ಬೇಟೆಗೆ ಉಳಿದ ಕಾಡಿನಲ್ಲಿ ಮೇಕೆ ಉಳಿಯಿತು ಸರಿ. ಆದರೆ ಸುತ್ತಲಿನ ಹಳ್ಳಿಯವನು ಅಲ್ಲಿ ಒಂದು ಮೊಲ ಹಿಡಿದರೂ ಕಳ್ಳ. ರಾಜ ನೂರು ಹೊಡೆದರೂ ಅದು ಶೌರ್ಯ. ಮ್ಯೂಸಿಯಂಗಳು ಆ ಹಳ್ಳಿಯವನ ಮಾತನ್ನೂ ಗೋಡೆ ಮೇಲೆ ಬರೆಯಬೇಕು ಅಂತ ನನ್ನ ಆಸೆ. ಹುಡುಗ ಹೇಳಿದ ಆ ನಾಯಿ ಕಟ್ಟಿಕೊಂಡು ಹೋಗುವ ಆಳು, ಹೆಜ್ಜೆ ನೋಡಿ ವಯಸ್ಸು ಹೇಳುವವನು, ಅವನೇ ಅಲ್ವಾ ನಿಜವಾಗಿ ಕಾಡು ಗೊತ್ತಿದ್ದವನು?

ಮಿಲಾನ್ ಕನ್ನಡತಿ:

ಹೌದು. ಅದು ನಿಜ.

ಬೆಂಗಳೂರು ಅಮ್ಮ:

ಒಳಗೆ ಇನ್ನೇನೇನು ಇದೆ ಹೇಳು ಮಗಾ. ನಮ್ಮ ಯಜಮಾನರಿಗೆ ಹಳೆಯ ಮರದ ಸಾಮಾನು ಅಂದರೆ ಪ್ರಾಣ.

ಹಾಸನದ ಹುಡುಗ:

ಹಾಗಾದರೆ ಅಂಕಲ್‌ಗೆ ಅಲ್ಲಿಂದ ಹೊರಗೆ ಬರಲು ಮನಸ್ಸೇ ಆಗುವುದಿಲ್ಲ. 1919ರಲ್ಲಿ ಮ್ಯೂಸಿಯಂ ಮಾಡಿದಾಗ ಅದನ್ನು ಪೀಠೋಪಕರಣದ ಮ್ಯೂಸಿಯಂ ಅಂತಲೇ ಮಾಡಿದ್ದು. ಸವೋಯ ರಾಜರ ಬೇರೆ ಬೇರೆ ಅರಮನೆಗಳ ಸಾಮಾನು ಇಲ್ಲಿಗೆ ಬಂದಿದೆ. ಪಿಯೆತ್ರೊ ಪಿಫೆತ್ತಿ ಎಂಬ ಬಡಗಿ ಮರದ ಮೇಲೆ ದಂತ, ಚಿಪ್ಪು ಕೂರಿಸಿ ಮಾಡಿದ ಕೆಲಸ ನೋಡಿದರೆ ನಮ್ಮ ಮೈಸೂರಿನ ಬೀಟೆ ಮರದ ಕೂರಿಸುವ ಕೆಲಸ ನೆನಪಾಗುತ್ತದೆ. ಚೀನಾದ ರೀತಿ ಹೂ ಹಕ್ಕಿ ಬರೆದ ಗೋಡೆಯ ಕೋಣೆ ಇದೆ. ನೆಪೋಲಿಯನ್ ಇಟಲಿಯ ರಾಜನಾಗಿ ಕಿರೀಟ ಹಾಕಿಸಿಕೊಳ್ಳಲು ಮಿಲಾನ್‌ಗೆ ಹೋಗುವ ಮುಂಚೆ, 1805ರ ಮೇ ತಿಂಗಳಲ್ಲಿ ಇಲ್ಲಿ ಉಳಿದಿದ್ದ. ಅವನ ತಂಗಿ ಪಾವ್ಲಿನಾಳ ಸ್ನಾನದ ಅಮೃತಶಿಲೆಯ ತೊಟ್ಟಿ ಇದೆ, ಮೇಲೆ ಹದ್ದಿನ ಕೆತ್ತನೆ.

2004ರಲ್ಲಿ ಇಲ್ಲಿಂದ ಕಳ್ಳರು ಬೆಲೆಬಾಳುವ ಪೀಠೋಪಕರಣ ಕದ್ದೊಯ್ದಿದ್ದರು. ಮರುವರ್ಷ ಪೊಲೀಸರು ಪತ್ತೆ ಮಾಡಿ ವಾಪಸ್ ತಂದರು. ಈಗ ಯುನೆಸ್ಕೊ ಪಟ್ಟಿಯಲ್ಲಿ ಸವೋಯ ಅರಮನೆಗಳ ಜೊತೆ ಇದೂ ಇದೆ, 1997ರಿಂದ.

ಕಬಿನಿ ತೀರ:

ತಡವಾಗಿ ನೋಡಿದೆ. ಆನೆ ಬಗ್ಗೆ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ತಾತ ಬಳ್ಳೆ ಆನೆ ಕ್ಯಾಂಪಿನಲ್ಲಿ ಕಾವಾಡಿ, ಅಂದರೆ ಮಾವುತನ ಸಹಾಯಕ. ಚಿಕ್ಕಪ್ಪ ಮಾವುತ. ನಾನು ಓದಿ ಮೈಸೂರಿನಲ್ಲಿ ಕೆಲಸಕ್ಕೆ ಸೇರಿದವನು. ಆದರೂ ಆನೆಯ ಜೊತೆ ಬೆಳೆದವನು.

ಕಾಕನಕೋಟೆಯ ಖೆಡ್ಡಾ ಬಗ್ಗೆ ತಾತ ಹೇಳುತ್ತಿದ್ದರು. ಕಾಡಾನೆ ಹಿಂಡನ್ನು ಕಬಿನಿ ಹೊಳೆ ದಾಟಿಸಿ ದೊಡ್ಡಿಗೆ ನುಗ್ಗಿಸುವುದು. ಕೊನೆಯ ಖೆಡ್ಡಾ 1971ರಲ್ಲಿ ಆಯಿತು. ಆಮೇಲೆ ಅಣೆಕಟ್ಟಿನ ನೀರಿನಲ್ಲಿ ಆ ಜಾಗವೇ ಮುಳುಗಿತು. ಹಾಗೆ ಹಿಡಿದ ಆನೆಯನ್ನು ಪಳಗಿಸುವುದು ಅಂಕುಶ ಅಲ್ಲ ಅನ್ನುತ್ತಿದ್ದರು ತಾತ, ಪಕ್ಕದಲ್ಲಿ ನಿಲ್ಲಿಸುವ ಹಳೆಯ ಆನೆ. ಆನೆಗೆ ಆನೆ ಬೇಕು. ಮನುಷ್ಯ ಆಮೇಲೆ.

ನಿಮ್ಮ ಫ್ರಿಟ್ಸ್‌ಗೆ ಇಪ್ಪತ್ತೈದು ವರ್ಷ ಇನ್ನೊಂದು ಆನೆಯ ಸೊಂಡಿಲು ಸೋಕಿತ್ತಾ? ನನಗೆ ಮೊದಲು ಬಂದ ಪ್ರಶ್ನೆ ಅದು. ನಮ್ಮ ಕ್ಯಾಂಪಿನ ಆನೆಗಳನ್ನು ರಾತ್ರಿ ಕಾಲಿಗೆ ಎಳೆಯುವ ಸರಪಳಿ ಹಾಕಿ ಕಾಡಿಗೆ ಬಿಡುತ್ತಾರೆ. ಸೊಪ್ಪು ಮುರಿದು ತಿನ್ನುತ್ತವೆ, ಮಣ್ಣು ಎರಚಿಕೊಳ್ಳುತ್ತವೆ, ಕಾಡಾನೆ ಹಿಂಡಿನ ಜೊತೆ ಸೇರುತ್ತವೆ. ಬೆಳಿಗ್ಗೆ ಕಾವಾಡಿ ಸರಪಳಿಯ ಗೆರೆ ಹಿಡಿದು ಹೋಗಿ ಕರೆದುಕೊಂಡು ಬರುತ್ತಾನೆ. ಹೊಳೆಯಲ್ಲಿ ಮಲಗಿಸಿ ಉಜ್ಜುತ್ತಾನೆ. ಆಮೇಲೆ ರಾಗಿ ಮುದ್ದೆ, ಹುಲ್ಲಿನಲ್ಲಿ ಭತ್ತ ಬೆಲ್ಲ ಕಟ್ಟಿದ ಕುಸುರೆ. ಇಷ್ಟೆಲ್ಲ ಇದ್ದೂ ಗಂಡಾನೆಗೆ ಮದ ಬರುತ್ತದೆ. ಕಣ್ಣು ಕಿವಿ ನಡುವೆ ಕೆನ್ನೆಯಿಂದ ರಸ ಸುರಿಯುತ್ತದೆ. ಆಗ ಅದು ಯಾರ ಮಾತೂ ಕೇಳುವುದಿಲ್ಲ. ಅದು ರೋಗ ಅಲ್ಲ, ಕೆಟ್ಟತನವೂ ಅಲ್ಲ. ಬೆಳೆದ ಗಂಡಾನೆಗೆ ಬರಲೇಬೇಕಾದದ್ದು. ತಿಳಿದವರು ದೂರ ಕಟ್ಟಿ, ಮೇವು ನೀರು ದೂಡಿ, ಇಳಿಯುವವರೆಗೆ ಕಾಯುತ್ತಾರೆ. ಮದ ಅಂದರೆ ಏನು ಅಂತ ಗೊತ್ತಿಲ್ಲದ ಊರಿನಲ್ಲಿ ಅದು ಹುಚ್ಚು ಹಿಡಿದ ಹಾಗೆ ಕಾಣುತ್ತದೆ.

ಇನ್ನೊಂದು, ಮಾವುತ ಬದಲಾಗುವುದು. ನಮ್ಮ ಚಿಕ್ಕಪ್ಪ ಜ್ವರ ಬಂದು ಹದಿನೈದು ದಿನ ಮಲಗಿದ್ದಾಗ ಅವರ ಆನೆ ಮೇವು ಸರಿಯಾಗಿ ಮುಟ್ಟಲಿಲ್ಲ. ಬೇರೆಯವರು ಹತ್ತಲು ಹೋದರೆ ಕಾಲು ಕೊಡಲಿಲ್ಲ. ಅಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರು ಬದಲಾಗಿದ್ದರಾ, ಗೈಡ್ ಏನಾದರೂ ಹೇಳಿದರಾ?

ಹಾಸನದ ಹುಡುಗ:

ಅಣ್ಣ, ನಿಮ್ಮದನ್ನು ಎರಡು ಸಲ ಓದಿದೆ. ಹೌದು, ಬಹಳ ವರ್ಷ ನೋಡಿಕೊಂಡ ಒಬ್ಬ ಇದ್ದ, ಆಮೇಲೆ ಅವನ ಜಾಗಕ್ಕೆ ಬೇರೆಯವನು ಬಂದ ಅಂತ ಗೈಡ್ ಹೇಳಿದರು. ಆ ಮಾತು ನನಗೆ ಆಗ ದೊಡ್ಡದಾಗಿ ಕಾಣಲಿಲ್ಲ, ಅದಕ್ಕೇ ಬರೆಯಲಿಲ್ಲ. ಈಗ ಅರ್ಥವಾಗುತ್ತಿದೆ.

ಮಲೆನಾಡಿಗ:

ಕಬಿನಿ ತೀರದವರೇ, ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಿಮ್ಮಿಂದ. ಗೋಡೆ ಮೇಲೆ ಬರೆಯಬೇಕಾದ್ದು ಇಂಥ ಮಾತು.

ಗೆರೆ ಗೋಡೆ:

ಆನೆ ತೀರಿದ ಮೇಲೆ ಅದರ ದೇಹವನ್ನು ಹಾಳು ಮಾಡಲಿಲ್ಲ. ಚರ್ಮವನ್ನು ತುಂಬಿಸಿ ಇಟ್ಟರು. ಅದು ಈಗ ಟೂರಿನ್‌ನ ಪ್ರಾಕೃತಿಕ ವಿಜ್ಞಾನ ಮ್ಯೂಸಿಯಂಗೆ ಸೇರಿದ್ದು. ಆ ಮ್ಯೂಸಿಯಂ ಹತ್ತು ವರ್ಷ ಮುಚ್ಚಿತ್ತು, 2024ರಲ್ಲಿ ಮತ್ತೆ ತೆರೆಯಿತು. ನಾನು ಹೋದಾಗ ಬಾಗಿಲು ಹಾಕಿತ್ತು.

ಕಬಿನಿ ತೀರ:

ಹೌದಾ? ತಮ್ಮಾ, ನೀನು ಅಲ್ಲೇ ಇದ್ದೀಯಲ್ಲ, ಒಂದು ಸಲ ಹೋಗಿ ನೋಡುತ್ತೀಯಾ? ಮೂರು ವಿಷಯ ನೋಡಿ ಹೇಳು. ಹಿಂಗಾಲಿನ ಗಂಟಿನ ಮೇಲೆ ಸರಪಳಿ ಉಜ್ಜಿದ ಗುರುತು ಇದೆಯಾ. ಕಿವಿಯ ಅಂಚು ಹರಿದಿದೆಯಾ. ದಂತ ಇದೆಯಾ, ಇದ್ದರೆ ಯಾವುದು ಹೆಚ್ಚು ಸವೆದಿದೆ, ಎಡದ್ದಾ ಬಲದ್ದಾ. ನಾವು ಎಡಗೈ ಬಲಗೈ ಅನ್ನುವ ಹಾಗೆ ಆನೆಗೂ ಒಂದು ದಂತ ಕೆಲಸದ ದಂತ ಇರುತ್ತದೆ. ತಾತ ಇದ್ದಿದ್ದರೆ ಇಷ್ಟು ಕೇಳಿಯೇ ಅದು ಎಂಥ ಆನೆ ಅಂತ ಹೇಳಿಬಿಡುತ್ತಿದ್ದರು. ನನಗೆ ಅಷ್ಟು ಬರುವುದಿಲ್ಲ. ಆದರೂ ಚಿಕ್ಕಪ್ಪನಿಗೆ ಫೋಟೊ ತೋರಿಸುತ್ತೇನೆ.

ಹಾಸನದ ಹುಡುಗ:

ಶನಿವಾರ ಬೆಳಿಗ್ಗೆ ಹೋಗುತ್ತೇನೆ ಅಣ್ಣ. ಹಿಂಗಾಲು, ಕಿವಿ, ದಂತ, ಮೂರನ್ನೂ ಹತ್ತಿರದಿಂದ ನೋಡುತ್ತೇನೆ. ಫೋಟೊ ತೆಗೆಯಲು ಬಿಟ್ಟರೆ ಎರಡೂ ಬದಿಯಿಂದ ತೆಗೆದು ಇಲ್ಲೇ ಹಾಕುತ್ತೇನೆ. ಚಿಕ್ಕಪ್ಪ ಏನು ಹೇಳಿದರು ಅಂತ ನೀವು ಬರೆಯಬೇಕು.